1992ರಲ್ಲಿ ರಾಸ್ ಪೆರೋಗೆ 19% ಮತ ಬಂದರೂ ಒಂದು ರಾಜ್ಯವೂ ಸಿಗಲಿಲ್ಲ, ಯಾಕೆ?

ಹೊಸ ಓದುಗ:
ಅಮೆರಿಕದ ಹಳೆಯ ಚುನಾವಣೆಗಳ ಬಗ್ಗೆ ಓದುತ್ತಿದ್ದೇನೆ. 1992ರ ಅಧ್ಯಕ್ಷ ಚುನಾವಣೆಯಲ್ಲಿ ಕ್ಲಿಂಟನ್‌ಗೆ 43%, ಬುಷ್‌ಗೆ 37%, ಪಕ್ಷೇತರ ಉದ್ಯಮಿ ಪೆರೋಗೆ ಸುಮಾರು 19%. ಹತ್ತಿರ ಹತ್ತಿರ 2 ಕೋಟಿ ಮತ! ಆದರೆ ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇರುವ ನಿಗದಿತ ಮತ) ಸೊನ್ನೆ. ಜೂನ್‌ನಲ್ಲಿ ಸಮೀಕ್ಷೆಗಳಲ್ಲಿ ಅವರೇ ಮುಂದಿದ್ದರು. ಆಮೇಲೆ ಏನಾಯಿತು?

ಅಂಕಿಪ್ರಿಯ:
ಬಹುತೇಕ ಎಲ್ಲ ರಾಜ್ಯಗಳಲ್ಲೂ ಮೊದಲು ಬಂದವರಿಗೇ ಅಲ್ಲಿನ ಅಷ್ಟೂ ಎಲೆಕ್ಟೋರಲ್ ಮತ. ಪೆರೋ ಮತಗಳು ದೇಶದ ತುಂಬ ಚದುರಿದ್ದವು. ಮೇನ್ ರಾಜ್ಯದಲ್ಲಿ 30% ಬಂತು, ಆದರೂ ಎರಡನೇ ಸ್ಥಾನ. ಯೂಟಾ ರಾಜ್ಯದಲ್ಲೂ ಎರಡನೇ ಸ್ಥಾನವೇ.

ಡಲ್ಲಾಸ್ ಹಳಬ:
ಲೆಕ್ಕ ಸರಿ. ಆದರೆ ನನ್ನ ಪ್ರಕಾರ ಅವರು ಸೋತಿದ್ದು ಜುಲೈನಲ್ಲೇ.

ಆಗ ನಾನು ಡಲ್ಲಾಸ್‌ನಲ್ಲಿ ಓದುತ್ತಿದ್ದೆ. ಪೆರೋ ಇದ್ದದ್ದೂ ಅದೇ ಊರಲ್ಲಿ. ಐವತ್ತೂ ರಾಜ್ಯಗಳಲ್ಲಿ ಜನರೇ ಸಹಿ ಹಾಕಿಸಿ ನನ್ನ ಹೆಸರು ಮತಪತ್ರಕ್ಕೆ ಸೇರಿಸಿದರೆ ನಿಲ್ಲುತ್ತೇನೆ ಎಂದು ಫೆಬ್ರವರಿಯಲ್ಲಿ ಲ್ಯಾರಿ ಕಿಂಗ್ ಅವರ ಟಿವಿ ಕಾರ್ಯಕ್ರಮದಲ್ಲಿ ಹೇಳಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಅದುವರೆಗೆ ಯಾವ ಪಕ್ಷದ ಕೆಲಸವನ್ನೂ ಮಾಡಿದವರಲ್ಲ. ದಿನಾ ಒಂದು ಮಡಚುವ ಮೇಜು ತೆಗೆದುಕೊಂಡು ಹೋಗಿ, ಅಂಗಡಿ ಮುಂದೆ ಕೂತು ಸಹಿ ಹಾಕಿಸುತ್ತಿದ್ದರು. ದೇಶದ ಸಾಲದ ಬಗ್ಗೆ ಬಡ್ಡಿ ಸಮೇತ ಮಾತಾಡುತ್ತಿದ್ದರು!

ಜುಲೈ 16ಕ್ಕೆ ಪೆರೋ ಹಿಂದೆ ಸರಿದರು. ಯಾರಿಗೂ ಬಹುಮತ ಬರದೆ ಆಯ್ಕೆ ಸಂಸತ್ತಿನ ಕೆಳಮನೆಗೆ ಹೋದೀತು, ದೇಶಕ್ಕೆ ತೊಂದರೆ ಅಂದರು. ಅಕ್ಟೋಬರ್ 1ಕ್ಕೆ ಮತ್ತೆ ಬಂದರು. ಬುಷ್ ಅವರ ಪಕ್ಷದವರಾದ ರಿಪಬ್ಲಿಕನ್ನರು ನನ್ನ ಮಗಳ ಮದುವೆ ಕೆಡಿಸಲು ಹೊರಟಿದ್ದರು, ಅದಕ್ಕೇ ಸರಿದೆ ಎಂದು ಆಮೇಲೆ ಹೇಳಿದರು. ಪುರಾವೆ ಕೊಡಲಿಲ್ಲ. ಕಂಪನಿ ಕಟ್ಟಿದವರು ಒಂದು ನಿರ್ಧಾರವನ್ನು ಬದಲಿಸಬಹುದು. ಆದರೆ ಜನ ತಮ್ಮ ಬೇಸಿಗೆಯನ್ನೇ ಕೊಟ್ಟಿದ್ದರು, ಅಲ್ವಾ?

ಹೊಸ ಓದುಗ:
ಹಾಗಿದ್ದರೂ 19% ಹೇಗೆ ಬಂತು ಸರ್?

ಡಲ್ಲಾಸ್ ಹಳಬ:
ಮೂರು ಚರ್ಚೆಗಳಲ್ಲೂ ಬುಷ್, ಕ್ಲಿಂಟನ್ ಜೊತೆ ಅವರಿಗೂ ಜಾಗ ಸಿಕ್ಕಿತು. ಜೊತೆಗೆ ಸ್ವಂತ ದುಡ್ಡಲ್ಲಿ ಅರ್ಧರ್ಧ ಗಂಟೆ ಟಿವಿ ಸಮಯ ಕೊಂಡರು. ಕೋಲು ಹಿಡಿದು ಚಾರ್ಟ್ ತೋರಿಸುತ್ತಾ ಬಜೆಟ್ ಕೊರತೆ ವಿವರಿಸುತ್ತಿದ್ದರು. ನಾನು ಅಜ್ಜಿ ಮನೆಯಲ್ಲೇ ಕೂತು ನೋಡಿದ್ದೆ. ಯಾವ ಮೇಷ್ಟರೂ ನನಗೆ ಅಷ್ಟು ಬಿಡಿಸಿ ಹೇಳಿರಲಿಲ್ಲ.

ಅಂಕಿಪ್ರಿಯ:
ಬುಷ್ ಸೋತಿದ್ದು ಪೆರೋ ಇಂದಲೇ ಅಂತ ಇವತ್ತಿಗೂ ಜಾಸ್ತಿ ಜನ ಹೇಳುತ್ತಾರೆ. ಆದರೆ ಪೆರೋ ಇಲ್ಲದಿದ್ದರೆ ಯಾರಿಗೆ ಹಾಕುತ್ತಿದ್ದಿರಿ ಎಂದು ಮತಗಟ್ಟೆ ಹೊರಗೆ ಕೇಳಿದಾಗ, ಅವರ ಮತದಾರರು ಇಬ್ಬರಿಗೂ ಸುಮಾರು ಸಮನಾಗಿ ಹಂಚಿಹೋಗಿದ್ದರು. ಅಜ್ಜಿ ಕೊನೆಗೆ ಯಾರಿಗೆ ಹಾಕಿದರು?

ಡಲ್ಲಾಸ್ ಹಳಬ:
ಪೆರೋಗೇ. ಆದರೆ ಅಕ್ಟೋಬರ್‌ನಲ್ಲಿ ಆ ಮೇಜು ಮತ್ತೆ ಹೊರಗೆ ಬರಲಿಲ್ಲ.