ಸಿಸ್ಕೊ 2911: ಫ್ಲ್ಯಾಶಲ್ಲಿ ಜಾಗ ಸಾಲ್ತಿಲ್ಲ, ಪೆನ್‌ಡ್ರೈವ್ ಓದ್ತಿಲ್ಲ

ಉಡುಪಿ_ಲ್ಯಾಬ್:
ಕಾಲೇಜು ಲ್ಯಾಬಿನ 2911 ರೂಟರಿಗೆ ಹೊಸ ಐಒಎಸ್ (ಸಿಸ್ಕೊ ರೂಟರಿನ ಆಪರೇಟಿಂಗ್ ಸಿಸ್ಟಮ್) ಹಾಕ್ಬೇಕು. ಫೈಲ್ 100 ಎಂಬಿಗಿಂತ ದೊಡ್ಡದುಂಟು. 256 ಎಂಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಲ್ಲಿ ಉಳಿದದ್ದು 70 ಎಂಬಿ ಮಾತ್ರ. 64 ಜಿಬಿ ಪೆನ್‌ಡ್ರೈವ್ ಹಾಕಿ `ಡಿರ್ ಯುಎಸ್‌ಬಿಫ್ಲ್ಯಾಶ್0:` ಕೊಟ್ರೆ ಎರರ್ ಬರ್ತದೆ. ಕಾರ್ಡನ್ನೇ ತೆಗೆದು ಲ್ಯಾಪ್‌ಟಾಪಲ್ಲಿ ಫಾರ್ಮ್ಯಾಟ್ ಮಾಡಬಹುದಾ?

ಪಣಂಬೂರು_ಕನ್ಸೋಲ್:
ಕಾರ್ಡ್ ತೆಗಿಬೇಡಿ ಮಾರಾಯ್ರೆ, ಅದರ ಅಗತ್ಯವೇ ಇಲ್ಲ. 64 ಜಿಬಿ ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಲ್ಲಿ ಬರ್ತವೆ, ಐಒಎಸ್‌ಗೆ ಅದು ಓದ್ಲಿಕ್ಕೆ ಬರುದಿಲ್ಲ. 4 ಜಿಬಿ ಅಥವಾ 8 ಜಿಬಿಯದ್ದೊಂದನ್ನು ಫ್ಯಾಟ್32 ಮಾಡಿ ಹಾಕಿ. `ಶೋ ಫೈಲ್ ಸಿಸ್ಟಮ್ಸ್` ಕೊಟ್ಟಾಗ ಅದರ ಗಾತ್ರ ಕಂಡ್ರೆ ಮುಂದೆ ಹೋಗಿ.

ಮೊದಲು ಹಳೆ ಇಮೇಜನ್ನು (ಐಒಎಸ್ ಫೈಲನ್ನು) `ಕಾಪಿ ಫ್ಲ್ಯಾಶ್0: ಯುಎಸ್‌ಬಿಫ್ಲ್ಯಾಶ್0:` ಮಾಡಿ, ಎರಡೂ ಕಡೆ `ವೆರಿಫೈ /ಎಂಡಿ5` ಓಡಿಸಿ. ಅದು ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಒಂದು ಗುರುತು ಸಂಖ್ಯೆ ತೋರಿಸ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಬಂದ ಮೇಲೆಯೇ `ಡಿಲೀಟ್ ಫ್ಲ್ಯಾಶ್0:` ಕೊಟ್ಟು ಹಳೆಯದನ್ನು ಅಳಿಸಿ. ಓಡ್ತಿರುವ ಐಒಎಸ್ ರ‍್ಯಾಮಲ್ಲಿ ಉಂಟು, ಹಾಗಾಗಿ ರೂಟರ್ ನಿಲ್ಲುದಿಲ್ಲ. ಆದರೆ ಹೊಸ ಫೈಲ್ ಕೂತು ಪರೀಕ್ಷೆ ಆಗುವ ತನಕ ರೀಲೋಡ್ ಮಾತ್ರ ಮಾಡ್ಲೇಬಾರದು. ಈ ಕಾರ್ಡಲ್ಲಿ ಡಿಲೀಟ್ ಮಾಡಿದ ಕೂಡ್ಲೇ ಜಾಗ ಸಿಗ್ತದೆ, ಹಳೆ ಲೀನಿಯರ್ ಫ್ಲ್ಯಾಶಿಗೆ ಬೇಕಿದ್ದ `ಸ್ಕ್ವೀಜ್` ಇಲ್ಲಿ ಬೇಡ.

ಆಮೇಲೆ ಪೆನ್‌ಡ್ರೈವಿಂದ ಹೊಸದನ್ನು ಕಾಪಿ ಮಾಡಿ, ಅದರ ಎಂಡಿ5 ಅನ್ನು ಡೌನ್‌ಲೋಡ್ ಪುಟದ್ದರ ಜತೆ ತಾಳೆ ನೋಡಿ. ಕಾನ್ಫಿಗ್ ಮೋಡಲ್ಲಿ `ನೋ ಬೂಟ್ ಸಿಸ್ಟಮ್`, ನಂತರ ಪೂರ್ತಿ ಫೈಲ್ ಹೆಸರಿನ ಜತೆ `ಬೂಟ್ ಸಿಸ್ಟಮ್ ಫ್ಲ್ಯಾಶ್0:`. ಸೇವ್ ಮಾಡಿ. `ಶೋ ವರ್ಷನ್` ಕೊನೆಯ ಸಾಲಲ್ಲಿ ಕಾನ್ಫಿಗರೇಷನ್ ರಿಜಿಸ್ಟರ್ (ಬೂಟ್ ಹೇಗೆ ಆಗ್ಬೇಕು ಅಂತ ಹೇಳುವ ಸೆಟ್ಟಿಂಗ್) 0ಎಕ್ಸ್2102 ಇರ್ಬೇಕು.

ಕಡಲಬದಿ:
ಲ್ಯಾಪ್‌ಟಾಪಲ್ಲಿ ಫಾರ್ಮ್ಯಾಟ್ ಯಾಕೆ ಬೇಡ ಅಂದ್ರೆ, ರೂಟರಿನ `ಫಾರ್ಮ್ಯಾಟ್` ಕಮಾಂಡ್ ಕಾರ್ಡಿಗೆ ಮಾನ್‌ಲಿಬ್ ಅನ್ನುವ ಸಣ್ಣ ಕೋಡನ್ನೂ ಬರೀತದೆ. 2800 ಸಾಲಿನ ರೂಟರಲ್ಲಿ ಅದಿಲ್ಲದ ಕಾರ್ಡಿಂದ ಬೂಟ್ ಕೈಕೊಡ್ತದೆ. 2911ಕ್ಕೂ ರೂಟರಲ್ಲೇ ಫಾರ್ಮ್ಯಾಟ್ ಮಾಡುವುದು ಒಳ್ಳೆಯದು. ಸ್ಟಾರ್ಟಪ್ ಕಾನ್ಫಿಗ್ ಎನ್‌ವಿರ‍್ಯಾಮಲ್ಲಿ (ಕರೆಂಟ್ ಹೋದ್ರೂ ಅಳಿಯದ ಬೇರೆ ಮೆಮೊರಿ) ಇರುದರಿಂದ ಅದಕ್ಕೇನೂ ಆಗುದಿಲ್ಲ. ಸ್ವಿಚ್ ಮಾಡ್ಯೂಲ್ ಇದ್ರೆ ಮಾತ್ರ ಅದರ ನೆಟ್‌ವರ್ಕ್ ವಿಭಾಗಗಳ ಪಟ್ಟಿ ಇರುವ `ವಿಲ್ಯಾನ್.ಡ್ಯಾಟ್` ಫೈಲನ್ನು ಮೊದ್ಲೇ ಪೆನ್‌ಡ್ರೈವಿಗೆ ಹಾಕಿಟ್ಕೊಳ್ಳಿ. ಕಾರ್ಡ್ ತೆಗಿಲೇಬೇಕಾದ್ರೆ ಪವರ್ ಆಫ್ ಮಾಡಿ ತೆಗಿರಿ.

ಉಡುಪಿ_ಲ್ಯಾಬ್:
ಸರಿ. ಈಗ ಸಂಜೆಯಾದ್ರೆ ಗುಡುಗು, ಕರೆಂಟ್ ಹೋಗ್ತದೆ. ಕಾಪಿ ಅರ್ಧದಲ್ಲಿ ನಿಂತ್ರೆ ಎಂತ ಮಾಡುದು? ಟಿಎಫ್‌ಟಿಪಿ (ನೆಟ್‌ವರ್ಕಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಬಳಸಿದ್ರೆ ಆದೀತಾ?

ಪಣಂಬೂರು_ಕನ್ಸೋಲ್:
ಯುಪಿಎಸ್ ಇಲ್ಲದೆ ಶುರು ಮಾಡ್ಬೇಡಿ, ಸಾಧ್ಯವಾದ್ರೆ ಬೆಳಿಗ್ಗೆಯೇ ಮುಗಿಸಿ. ಕರೆಂಟ್ ಹೋಗಿ ಇಮೇಜ್ ಅರ್ಧ ಆದ್ರೆ ರೂಟರ್ ರೋಮ್‌ಮಾನ್ (ಐಒಎಸ್ ಏಳದಾಗ ಸಿಗುವ ತುರ್ತು ಬೂಟ್ ಪ್ರೋಗ್ರಾಂ) ಪ್ರಾಂಪ್ಟಿಗೆ ಬಂದು ನಿಲ್ತದೆ. ಹಳೆ ಇಮೇಜ್ ಪೆನ್‌ಡ್ರೈವಲ್ಲಿ ಇರ್ತದಲ್ಲ, ಅಲ್ಲಿಂದ `ಬೂಟ್ ಯುಎಸ್‌ಬಿಫ್ಲ್ಯಾಶ್0:` ಜತೆ ಫೈಲ್ ಹೆಸರು ಕೊಡಿ. ಐಒಎಸ್ ಎದ್ದ ಮೇಲೆ `ಎಫ್‌ಎಸ್‌ಸಿಕೆ ಫ್ಲ್ಯಾಶ್0:` (ಕಾರ್ಡಿನ ಫೈಲ್ ವ್ಯವಸ್ಥೆ ಪರೀಕ್ಷಿಸಿ ಸರಿಮಾಡುವ ಕಮಾಂಡ್) ಓಡಿಸಿ, ಅರ್ಧಂಬರ್ಧ ಫೈಲ್ ಅಳಿಸಿ ಪುನಃ ಕಾಪಿ ಮಾಡಿ.

ಟಿಎಫ್‌ಟಿಪಿ ಬೇಡ. ಅದರಲ್ಲಿ ಬ್ಲಾಕ್ 512 ಬೈಟ್, ಬ್ಲಾಕ್ ಸಂಖ್ಯೆಗೆ 16 ಬಿಟ್, ಹಾಗಾಗಿ ಹಳೆ ಸರ್ವರ್‌ಗಳು ಸುಮಾರು 32 ಎಂಬಿಗೆ ನಿಂತುಬಿಡ್ತವೆ. ನೆಟ್‌ವರ್ಕಿಂದಲೇ ತರ್ಬೇಕಾದ್ರೆ ಎಫ್‌ಟಿಪಿ ಅಥವಾ ಎಸ್‌ಸಿಪಿ ಬಳಸಿ.