ಹಳೆಯ ಫೋಟೊ, ಪತ್ರ, ಕಸೂತಿ ಒಂದೇ ಗೋಡೆಗೆ: ಹಾಳಾಗದ ಹಾಗೆ ಹಾಕುವುದು ಹೇಗೆ?

ಗೋಡೆಗಿಳಿ:
ಹಜಾರದಲ್ಲಿ 3 ಮೀಟರ್ ಅಗಲದ ಖಾಲಿ ಗೋಡೆ ಇದೆ. ಹಾಕಬೇಕೆಂದಿರುವುದು 12 ಕಪ್ಪು-ಬಿಳುಪು ಫೋಟೊ (ಎಲ್ಲವೂ 4×6 ಇಂಚು), ಅಜ್ಜ ಶಾಯಿಯಲ್ಲಿ ಬರೆದ 2 ಪತ್ರ, ಅಜ್ಜಿ ಹಾಕಿದ ಕಸೂತಿ ಬಟ್ಟೆ, ನಿಂತುಹೋದ ಒಂದು ಕೈಗಡಿಯಾರ. ಎದುರಿಗೇ ಕಿಟಕಿ, ಮಧ್ಯಾಹ್ನ ಎರಡು ಗಂಟೆ ಗೋಡೆಯ ಒಂದು ಬದಿಗೆ ಬಿಸಿಲು. ಅದು ಮನೆಯ ಹೊರಗೋಡೆ. ನೋಡಿದರೆ ನಮ್ಮ ಮನೆ ಅನ್ನಿಸಬೇಕು, ಅಂಗಡಿಯ ಷೋಕೇಸ್ ಅನ್ನಿಸಬಾರದು. ಎಲ್ಲಿಂದ ಶುರು ಮಾಡಲಿ?

ಹಳೇಕಾಗದ:
ಬಿಸಿಲಿನಿಂದಲೇ ಶುರು ಮಾಡಿ. ಬೆಳಕಿನಿಂದ ಮಾಸಿದ್ದು ಮತ್ತೆ ಬರುವುದಿಲ್ಲ, ಹಾನಿ ದಿನದಿನಕ್ಕೂ ಕೂಡುತ್ತಲೇ ಹೋಗುತ್ತದೆ. ಕಾಗದ, ಬಟ್ಟೆಯಂಥವಕ್ಕೆ ವಸ್ತುಸಂಗ್ರಹಾಲಯಗಳು ಇಟ್ಟುಕೊಂಡಿರುವ ಮಿತಿ ಸುಮಾರು 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ನೇರ ಬಿಸಿಲು ಹತ್ತಾರು ಸಾವಿರ ಲಕ್ಸ್. ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿದರೆ ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಸಾಲದು. ಕಣ್ಣಿಗೆ ಕಾಣುವ ಬೆಳಕೂ ಶಾಯಿಯನ್ನು ಮಾಸಿಸುತ್ತದೆ. ನಕಲು ಗೋಡೆಗೆ, ಮೂಲ ಕತ್ತಲೆಯ ಪೆಟ್ಟಿಗೆಗೆ.

ಸ್ಕ್ಯಾನ್ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಮಾಡಿ, ಟಿಫ್ (ಗುಣಮಟ್ಟ ಕುಂದದ ಚಿತ್ರದ ಫೈಲ್) ಆಗಿ ಉಳಿಸಿ. ಕಪ್ಪು-ಬಿಳುಪು ಫೋಟೊವನ್ನೂ ಬಣ್ಣದ ಮೋಡ್‌ನಲ್ಲೇ ಮಾಡಿ, ಇಲ್ಲದಿದ್ದರೆ ವಯಸ್ಸಿನ ಕಂದು ಛಾಯೆ ಹೋಗಿ ಬೂದಿ ಬಳಿದ ಹಾಗಾಗುತ್ತದೆ. 4×6 ಫೋಟೊಗೆ 2400×3600 ಪಿಕ್ಸೆಲ್ ಸಿಗುತ್ತದೆ, 300 ಡಿಪಿಐನಲ್ಲಿ 8×12 ಇಂಚಿನವರೆಗೆ ಮುದ್ರಿಸಬಹುದು. ಅದಕ್ಕಿಂತ ಹಿಗ್ಗಿಸಿದರೆ ಮುಖಕ್ಕಿಂತ ಗೀರುಗಳೇ ಎದ್ದು ಕಾಣುತ್ತವೆ. ಮ್ಯಾಟ್ ಕಾಗದ ಇರಲಿ, ಎದುರು ಕಿಟಕಿಯ ಪ್ರತಿಬಿಂಬ ಕಾಡುವುದಿಲ್ಲ.

ಮೂಲವನ್ನೇ ಹಾಕುವ ಹಟವಿದ್ದರೆ, ಫೋಟೊ ಗಾಜಿಗೆ ತಾಗಬಾರದು. ತೇವಕ್ಕೆ ಚಿತ್ರ ಕೂತಿರುವ ಜೆಲಾಟಿನ್ ಪದರ ಮೆತ್ತಗಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಕಿತ್ತರೆ ಮುಖ ಗಾಜಿನ ಮೇಲೇ ಉಳಿಯುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ (ಫೋಟೊ ಕಾಣುವಂತೆ ನಡುವೆ ಕತ್ತರಿಸಿದ ದಪ್ಪ ರಟ್ಟು) ಇರಲಿ, ಫೋಟೊ ಹಿಡಿಯಲು ಕಾಗದದ ಮೂಲೆಗಳು ಸಾಕು. ಸೆಲ್ಲೋಟೇಪ್, ಫೆವಿಕಾಲ್ ಎರಡೂ ಬೇಡ. ಈಗಾಗಲೇ ಗಾಜಿಗೆ ಅಂಟಿದ ಫೋಟೊ ಇದ್ದರೆ ಬಿಡಿಸಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಮೊಳೆಸುತ್ತಿಗೆ:
ಗೋಡೆಗೆ ತೂತು ಕೊರೆಯುವ ಮೊದಲು ಪ್ರತಿ ಫ್ರೇಮಿನ ಅಳತೆಗೆ ಕಾಗದ ಕತ್ತರಿಸಿ, ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಎರಡು ದಿನ ಓಡಾಡುತ್ತಾ ನೋಡಿ. ಎಲ್ಲಕ್ಕಿಂತ ದೊಡ್ಡದನ್ನು ನಟ್ಟನಡುವೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಉಳಿದವನ್ನು ಅದರ ಸುತ್ತ ಬೆಳೆಸಿ. ಅಂತರ ಎಲ್ಲೆಡೆ 5 ಸೆಂ.ಮೀ. ಅಳತೆ ಬೇರೆಬೇರೆ ಇದ್ದರೂ ಅಂತರ ಒಂದೇ ಇದ್ದರೆ ಗುಂಪು ಚೆದುರುವುದಿಲ್ಲ.

ಇಡೀ ಗುಂಪಿನ ನಡುಮಟ್ಟ ನೆಲದಿಂದ 145–150 ಸೆಂ.ಮೀ. ಇರಲಿ. ಹೆಚ್ಚಿನವರು ಎಡವುವುದು ಕೊಕ್ಕೆಯ ಲೆಕ್ಕದಲ್ಲಿ. ಫ್ರೇಮ್ 40 ಸೆಂ.ಮೀ. ಎತ್ತರ, ನೇತುಬೀಳುವ ಬಿಂದು ಮೇಲಂಚಿನಿಂದ 6 ಸೆಂ.ಮೀ. ಕೆಳಗೆ, ಫ್ರೇಮಿನ ನಡುಭಾಗ 148ಕ್ಕೆ ಬರಬೇಕು ಅಂದುಕೊಳ್ಳಿ: 148+20−6, ಅಂದರೆ 162ಕ್ಕೆ ತೂತು.

6 ಮಿ.ಮೀ. ಬಿಟ್, 6 ಮಿ.ಮೀ. ಪ್ಲಗ್ (ತೂತಿನೊಳಗೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಕೊಳವೆ), 40 ಮಿ.ಮೀ. ಸ್ಕ್ರೂ. ಪ್ಲಗ್ ಬರೀ ಗಾರೆಯಲ್ಲಿ ನಿಂತರೆ ಇಂದಲ್ಲ ನಾಳೆ ಕಿತ್ತು ಬರುತ್ತದೆ. ಕೊರೆಯುವಾಗ ಪುಡಿಯ ಬಣ್ಣ ಬದಲಾದರೆ ಇಟ್ಟಿಗೆ ಸಿಕ್ಕಿತು ಅಂತ ಅರ್ಥ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಲೇಬೇಡಿ, ಒಳಗೆ ವೈರ್ ಓಡಿರುತ್ತದೆ. ಒಂದು ಫ್ರೇಮಿಗೆ ಎರಡು ಕೊಕ್ಕೆ ಕೊಟ್ಟರೆ ದಿನಾ ನೆಟ್ಟಗೆ ಮಾಡುವ ಕೆಲಸ ತಪ್ಪುತ್ತದೆ. ಹೊರಗೋಡೆ ಅಂದಿರಲ್ಲ, ಫ್ರೇಮಿನ ಹಿಂದೆ ನಾಲ್ಕೂ ಮೂಲೆಗೆ 5 ಮಿ.ಮೀ. ಕಾರ್ಕ್ ತುಂಡು ಅಂಟಿಸಿ. ಗಾಳಿ ಆಡದಿದ್ದರೆ ಬೂಷ್ಟು ಹಿಂಬದಿಯಿಂದಲೇ ಶುರುವಾಗುತ್ತದೆ. ಗೋಡೆಯಲ್ಲಿ ಈಗಲೇ ತೇವದ ಕಲೆ ಇದ್ದರೆ ಅದನ್ನು ಸರಿಪಡಿಸುವವರೆಗೆ ಏನನ್ನೂ ಹಾಕಬೇಡಿ.

ಸೂಜಿದಾರ:
ಕಸೂತಿಯನ್ನು ಅಂಟಿನಿಂದಾಗಲಿ ಪಿನ್ನಿನಿಂದಾಗಲಿ ಹಿಡಿಸಬೇಡಿ. ಒಗೆದು ಗಂಜಿ ಬಿಡಿಸಿದ ಹತ್ತಿ ಬಟ್ಟೆಯನ್ನು ಆಮ್ಲರಹಿತ ಬೋರ್ಡಿಗೆ ಬಿಗಿಯಾಗಿ ಹೊದಿಸಿ, ಅದರ ಮೇಲೆ ಕಸೂತಿಯನ್ನು ಎಳೆಯದೆ ಹರಡಿ, ಅಂಚಿನ ಎಳೆಗಳ ಸಂದಿನಲ್ಲಿ ಸಣ್ಣ ಹೊಲಿಗೆ ಹಾಕಿ. ಭಾರ ಬೀಳುವ ಮೇಲಂಚಿಗೆ ಒತ್ತಾಗಿ, ಉಳಿದ ಕಡೆ ಬಿಡಿಯಾಗಿ. ದಾರ ಕಸೂತಿ ಬಟ್ಟೆಗಿಂತ ನಾಜೂಕಾಗಿರಬೇಕು: ಎಳೆತ ಬಿದ್ದಾಗ ಹರಿಯಬೇಕಾದ್ದು ದಾರ, ಬಟ್ಟೆಯಲ್ಲ. ಮಡಿಕೆಯ ಗೆರೆ ಹೋಗಲಿ ಅಂತ ಇಸ್ತ್ರಿ ಮಾಡಬೇಡಿ, ಮಡಿಕೆಯಲ್ಲೇ ಎಳೆ ಸೋತಿರುತ್ತದೆ.

ಕೈಗಡಿಯಾರಕ್ಕೆ 5 ಸೆಂ.ಮೀ. ಆಳದ ಪೆಟ್ಟಿಗೆ ಫ್ರೇಮ್ ಬೇಕು. ಬ್ಯಾಟರಿಯದಾದರೆ ಬ್ಯಾಟರಿ ತೆಗೆದೇ ಇಡಿ, ಸೋರಿದರೆ ಒಳಗೆಲ್ಲ ತುಕ್ಕು.

ಹಳೇಕಾಗದ ಅವರ ಮಾತು ಪೂರ್ತಿ ಒಪ್ಪಲಾರೆ. ಎಲ್ಲವೂ ನಕಲಾದರೆ ಗೋಡೆ ಸಪ್ಪೆ. ಒಂದು ಪತ್ರ ಮೂಲದ್ದೇ ಇರಲಿ, ನೆರಳಿನ ತುದಿಯಲ್ಲಿ. ವರ್ಷಕ್ಕೆ 3 ತಿಂಗಳು ಮಾತ್ರ ಹಾಕಿ, ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಫೋಟೊ 12 ಜಾಸ್ತಿಯಾಯಿತು. ನೆಟ್ಟಗೆ ಕೂತು ತೆಗೆಸಿಕೊಂಡವನ್ನು ಬಿಟ್ಟು, ಕೆಲಸದಲ್ಲೋ ನಗುವಿನಲ್ಲೋ ಇರುವ ಆರೇಳು ಆರಿಸಿ.

ಹಳೇಕಾಗದ:
3 ತಿಂಗಳ ಲೆಕ್ಕಕ್ಕೆ ಒಪ್ಪಿದೆ, ಬಿಸಿಲು ತಾಗದ ಕಡೆಗಾದರೆ ಮಾತ್ರ. ಪೆಟ್ಟಿಗೆಗೆ ಹೋಗುವ ಪ್ರತಿ ಮೂಲ ಫೋಟೊದ ಹಿಂದೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್‌ನಿಂದ ಹೆಸರು, ಊರು, ವರ್ಷ ಬರೆದಿಡಿ. ಬಾಲ್‌ಪೆನ್ ಒತ್ತಿದರೆ ಗುರುತು ಮುಂದಕ್ಕೂ ಮೂಡುತ್ತದೆ.