ಸಹಾಯ ಬೇಕು: ಸೆಕೆಂಡ್ ಹ್ಯಾಂಡ್ ಲೆನ್ಸ್ ಒಳಗೆ ಫಂಗಸ್ ಇದ್ದ ಹಾಗಿದೆ

ನಮಸ್ಕಾರ. ಒಂದು ಹಳೆಯ 50 ಎಂಎಂ ಎಫ್ 1.8 ಕ್ಯಾಮೆರಾ ಲೆನ್ಸ್ ನೋಡಲು ಮನೆಗೆ ತಂದಿದ್ದೇನೆ. ಇಟ್ಟುಕೊಳ್ಳುತ್ತೇನೋ, ವಾಪಸ್ ಕೊಡುತ್ತೇನೋ ಎರಡು ದಿನದಲ್ಲಿ ಹೇಳಬೇಕು.

ಮುಂದಿನ ಗಾಜಿನ ಮೇಲೆ ಸಣ್ಣ ಗೀರು ಇದೆ. ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ, ಫೋಟೋದಲ್ಲಿ ಕಾಣುವುದೇ ಇಲ್ಲ. ಆದರೆ ರಾತ್ರಿ ಮೊಬೈಲ್ ಟಾರ್ಚ್ ಅನ್ನು ಹಿಂದಿನಿಂದ ಓರೆಯಾಗಿ ಹಿಡಿದಾಗ, ಒಳಗಿನ ಗಾಜಿನ ಅಂಚಿನಲ್ಲಿ ಬೇರಿನ ಹಾಗೆ ಕವಲೊಡೆದ ಬಿಳಿ ಎಳೆ ಕಂಡಿತು. ಧೂಳು ಹೀಗೆ ಕವಲೊಡೆಯುವುದಿಲ್ಲ. ಫಂಗಸ್ಸೇ ಅಲ್ವಾ?

ಉಳಿದದ್ದೆಲ್ಲ ಚೆನ್ನಾಗಿದೆ, ಅದೇ ಕಷ್ಟ! ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಲೆಗಳ ಮೇಲೆ ಎಣ್ಣೆ ಇಲ್ಲ. ಗೋಡೆಗೆ ಪೇಪರ್ ಅಂಟಿಸಿ ಎಫ್ 1.8ರಲ್ಲಿ (ಕಿಂಡಿ ಪೂರ್ತಿ ತೆರೆದು) ಫೋಟೋ ತೆಗೆದು ನೋಡಿದೆ. ನಾಲ್ಕೂ ಮೂಲೆ ಒಂದೇ ಥರ ಇವೆ, ಅಂದರೆ ಬಿದ್ದು ಒಳಗಿನ ಗಾಜು ವಾಲಿದ ಹಾಗಿಲ್ಲ. ಎದುರಿನಿಂದ ಬೆಳಕು ಬಿದ್ದರೆ ಮಾತ್ರ ಚೂರು ಮಬ್ಬು.

ಹೊಸದರ ಅರ್ಧ ಬೆಲೆಗೆ ಸಿಗುತ್ತಿದೆ, ಬಿಡಲು ಮನಸ್ಸಿಲ್ಲ. ಬಿಚ್ಚಿ ಒರೆಸಿಸಿದರೆ ಹೋಗುತ್ತದಾ, ಇಲ್ಲಾ ಆಗಲೇ ಗಾಜಿನ ಮೇಲಿನ ತೆಳು ಲೇಪ (ಕೋಟಿಂಗ್) ತಿಂದುಹಾಕಿರುತ್ತದಾ? ಬೇರೆ ಲೆನ್ಸ್‌ಗಳ ಜೊತೆ ಒಂದೇ ಬ್ಯಾಗಿನಲ್ಲಿ ಇಡಬಹುದಾ? ಸದ್ಯಕ್ಕೆ ಸಿಲಿಕಾ ಜೆಲ್ ಹಾಕಿ ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ಕ್ಲೀನ್ ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ, ಆಮೇಲೆ ಮತ್ತೆ ಬಂತಾ?